ಬೇಸ್ ಗಿಟಾರಿಗೆ ಒಂದೇ ಜಾಗ

ರಸಮಂಜರಿ ತಂಡವೊಂದರಲ್ಲಿ ಹಾಡುವವರು ನಾಲ್ಕೈದು ಜನ ಇರಬಹುದು. ಕೀಬೋರ್ಡ್ ಎರಡು, ತಬಲ, ಢೋಲಕ್, ರಿದಂ ಪ್ಯಾಡ್, ಡ್ರಮ್ಸ್. ದೊಡ್ಡ ತಂಡವಾದರೆ ಗಿಟಾರೂ ಎರಡು. ಬೇಸ್ ಗಿಟಾರ್ ಮಾತ್ರ ಒಂದೇ. ಎರಡು ಬೇಸ್ ಒಟ್ಟಿಗೆ ನುಡಿದರೆ ತಳದ ಸ್ವರಗಳು ಒಂದರ ಮೇಲೊಂದು ಬಿದ್ದು ಹಾಡು ಕಲಸಿಹೋಗುತ್ತದೆ, ಆದ್ದರಿಂದ ಇಬ್ಬರನ್ನು ಕರೆಯುವ ಪ್ರಶ್ನೆಯೇ ಬರುವುದಿಲ್ಲ. ಬೇಸ್ ನುಡಿಸುವವರ ನಡುವಿನ ಹೊಟ್ಟೆಕಿಚ್ಚು ಅರ್ಥವಾಗಬೇಕಾದರೆ ಮೊದಲು ಇದು ಗೊತ್ತಿರಬೇಕು. ಗಾಯಕರಿಗೆ ಯುಗಳಗೀತೆ ಇದೆ. ತಬಲದವರೂ ಢೋಲಕ್‌ನವರೂ ಪಕ್ಕಪಕ್ಕ ಕೂತು ಒಬ್ಬರ ಕೈ ಇನ್ನೊಬ್ಬರು ನೋಡುತ್ತಾರೆ. ನಾವು ಹಾಗೆ ಒಟ್ಟಿಗೆ ನಿಲ್ಲುವುದೇ ಇಲ್ಲ. ಒಬ್ಬ ವೇದಿಕೆ ಹತ್ತಿದ ಎಂದರೆ ಇನ್ನೊಬ್ಬ ಮನೆಯಲ್ಲಿದ್ದಾನೆ ಎಂದರ್ಥ.

ಬೆಂಗಳೂರಿನ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಾ ಬದುಕು ಕಟ್ಟಿಕೊಂಡವನು ನಾನು. ಗಣೇಶನ ಹಬ್ಬಕ್ಕೆ ಶುರುವಾಗುವ ನಮ್ಮ ಸುಗ್ಗಿ ರಾಜ್ಯೋತ್ಸವದ ಕಾರ್ಯಕ್ರಮಗಳ ಜೊತೆ ನವೆಂಬರ್ ಕೊನೆಯವರೆಗೆ ನಡೆಯುತ್ತದೆ. ಆಮೇಲೆ ಮದುವೆ ರಿಸೆಪ್ಷನ್ನುಗಳು, ಊರ ಜಾತ್ರೆಗಳು. ಆಷಾಢ ಬಂತೆಂದರೆ ಫೋನು ತಣ್ಣಗೆ ಕೂತುಬಿಡುತ್ತದೆ. ಇಂಥ ಲೆಕ್ಕದಲ್ಲಿ ಬದುಕುವವನಿಗೆ ಇನ್ನೊಬ್ಬ ಬೇಸ್ ಗಿಟಾರಿಸ್ಟಿಗೆ ಸಿಕ್ಕ ತಾರೀಖು ತನ್ನ ಕೈತಪ್ಪಿದ ತಾರೀಖೇ. ಮನೆ ಬಾಡಿಗೆ, ಮಕ್ಕಳ ಫೀಸು ಎಲ್ಲ ಅದರೊಳಗೇ ಇರುತ್ತದೆ. ತಿಂಗಳ ಸಂಬಳ ಬರುವವರು ನಮಗೆ ಹೇಳುವ ‘ಇರುವುದರಲ್ಲಿ ತೃಪ್ತಿ ಪಡಿ’ ಎಂಬ ಬುದ್ಧಿಮಾತು ನನಗೆ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ನಮ್ಮ ಮತ್ಸರದಲ್ಲಿ ಅರ್ಧ ಪಾಲು ಮನಸ್ಸಿನದ್ದಲ್ಲ, ಕ್ಯಾಲೆಂಡರಿನದ್ದು. ಆ ಅರ್ಧಕ್ಕೆ ಬೇರೆ ಮದ್ದು ಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಉಳಿದ ಅರ್ಧದ ಸ್ವಭಾವ ವಿಚಿತ್ರವಾದದ್ದು. ಜಾಕೋ ಪಾಸ್ಟೋರಿಯಸ್ 1976ರಲ್ಲಿ ತಂದ ಮೊದಲ ಆಲ್ಬಂ ಕೇಳಿದಾಗ ನನಗೆ ಹೊಟ್ಟೆ ಉರಿಯಲಿಲ್ಲ, ಸಂತೋಷದಿಂದ ಕಣ್ಣು ತುಂಬಿತು. ಚೆನ್ನೈನ ಕೀತ್ ಪೀಟರ್ಸ್ ಅವರು ಎ.ಆರ್. ರೆಹಮಾನ್ ಹಾಡುಗಳಿಗೆ ನುಡಿಸಿದ್ದನ್ನು ಕೇಳಿದಾಗಲೂ ಅಷ್ಟೇ. 1996ರಲ್ಲಿ ಹುಟ್ಟಿದ ಮುಂಬೈನ ಮೋಹಿನಿ ಡೇ ಕೊನ್ನಕೋಲಿನ ಲೆಕ್ಕಾಚಾರಗಳನ್ನು ಬೇಸ್ ತಂತಿಗಳ ಮೇಲೆ ನೀರು ಕುಡಿದಷ್ಟು ಸುಲಭವಾಗಿ ತರುವುದನ್ನು ಕಂಡಾಗ ಕೈಮುಗಿಯಬೇಕು ಅನ್ನಿಸಿತು. ಆದರೆ ರಾಜಾಜಿನಗರದಲ್ಲಿ ಇದ್ದ, ನನಗಿಂತ ಚಿಕ್ಕವನಾದ, ನಾನು ಹೋಗುತ್ತಿದ್ದ ತಂಡಗಳಿಗೇ ಹೋಗತೊಡಗಿದ ಹುಡುಗನೊಬ್ಬನ ಹೆಸರು ಕಿವಿಗೆ ಬಿದ್ದರೆ ಸಾಕು, ಊಟ ರುಚಿಸುತ್ತಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ಸಾಮರ್ಥ್ಯವನ್ನು ನೇರವಾಗಿ ಅಳೆಯುವ ದಾರಿ ಇಲ್ಲದಾಗ ಮನುಷ್ಯ ಇತರರೊಂದಿಗೆ ಹೋಲಿಸಿಕೊಂಡು ತನ್ನನ್ನು ಅಳೆದುಕೊಳ್ಳುತ್ತಾನೆ, ಅದೂ ತನಗೆ ಹತ್ತಿರದವರೊಂದಿಗೆ. ಅಂತರ ದೊಡ್ಡದಾದಷ್ಟೂ ಹೋಲಿಕೆಯ ಹಂಬಲ ಕಡಿಮೆಯಾಗುತ್ತದೆ. ಇದನ್ನು ಓದಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ನನ್ನದು ದುಷ್ಟತನವಲ್ಲ, ನೆರೆಹೊರೆಯ ಗುಣ ಎಂದು ತಿಳಿಯಿತು.

ಆ ಹುಡುಗನ ನುಡಿಸಾಣಿಕೆ ನನಗೆ ಗೊತ್ತಿದ್ದದ್ದು ಫೋನಿನಲ್ಲಿ. ಯಾರೋ ಒಬ್ಬರು ಅವನ ರೀಲ್ಸ್ ತೋರಿಸಿ, “ಸಾರ್, ಈ ಹುಡುಗನ ಕೈ ನೋಡಿದ್ರಾ?” ಎನ್ನುವರು. ಹೆಬ್ಬೆರಳಲ್ಲಿ ತಂತಿಯನ್ನು ಬಡಿದು ತೋರುಬೆರಳಲ್ಲಿ ಎಳೆದು ಬಿಡುವ ಸ್ಲ್ಯಾಪ್, ಮೇಲಿನ ಫ್ರೆಟ್‌ಗಳಲ್ಲಿ ಮಿಂಚಿನ ಓಟ. ಒಂದು ನಿಮಿಷದೊಳಗೆ ಮುಗಿಯುವ ಆ ಚಮತ್ಕಾರದ ಪಕ್ಕದಲ್ಲಿ, ಮೂರು ತಾಸು ನಿಂತು ಷಡ್ಜ ಪಂಚಮ ಹಿಡಿಯುವ ನನ್ನ ಕೆಲಸ ನನಗೇ ಬಡವಾಗಿ ಕಾಣುತ್ತಿತ್ತು. ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಹುಟ್ಟುವುದು ಸೆಕೆಂಡಿಗೆ ಸುಮಾರು 41 ಕಂಪನಗಳ ನಾದ. ಫೋನಿನ ಪುಟಾಣಿ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿಯೇ ಇಲ್ಲ. ಅದರಲ್ಲಿ ಕೇಳಿಸುವುದು ಮೇಲಿನ ಅನುಸ್ವರಗಳು, ಬೆರಳು ತಂತಿಗೆ ತಗಲುವ ಸದ್ದು, ಸ್ಲ್ಯಾಪಿನ ಚಟಪಟ. ಅಂದರೆ ಒಬ್ಬ ಬೇಸ್ ವಾದಕನನ್ನು ಫೋನಿನಲ್ಲಿ ಕೇಳಿ ಅಳೆಯುವವರಿಗೆ ಬೇಸ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತಿರುತ್ತದೆ. ಈಗ ನಮ್ಮಲ್ಲಿಗೆ ಬರುವ ಕಾಲೇಜು ಹುಡುಗರು ದಿನವಿಡೀ ಇಂಥ ಅಳತೆಯಲ್ಲೇ ಬೆಳೆಯುತ್ತಿದ್ದಾರೆ, ನನಗೆ ಅವರ ಬಗ್ಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ರಾಜ್ಯೋತ್ಸವದಲ್ಲಿ ಅವನನ್ನು ನೇರವಾಗಿ ಕೇಳುವ ಸಂದರ್ಭ ಬಂತು. ಡ್ರಮ್ಸ್ ನುಡಿಸುವವರು ನನ್ನ ಹಳೆಯ ಸ್ನೇಹಿತರು. “ಅವತ್ತು ನಿಂಗೆ ಪ್ರೋಗ್ರಾಂ ಇಲ್ವಲ್ಲ, ಬಾ ಗುರು, ಸೈಡಲ್ಲಿ ನಿಂತು ಕೇಳು” ಎಂದು ಒತ್ತಾಯ ಮಾಡಿದರು. ಹೋದೆ. ಡ್ರಮ್ಸಿನ ಹಿಂದೆ, ಮಾನಿಟರಿನ ಸದ್ದು ಬೀಳುವ ಜಾಗದಲ್ಲಿ ನಿಂತೆ. ಇವನು ಸ್ಲ್ಯಾಪ್ ಸುರಿಸುತ್ತಾನೆ, ಹಾಡು ಹಾಳಾಗುತ್ತದೆ ಎಂದು ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಅವನು ನನಗಿಂತ ಕಡಿಮೆ ಸ್ವರ ನುಡಿಸಿದ. ಹಳೆಯ ಮೆಲೊಡಿ ಹಾಡೊಂದರ ಪಲ್ಲವಿಯಲ್ಲಿ ಗಾಯಕಿ ಉಸಿರು ತೆಗೆದುಕೊಳ್ಳುವ ಕಡೆ ನಾನು ಅಭ್ಯಾಸಬಲದಿಂದ ಒಂದು ಸಣ್ಣ ತಿರುವು ಹಾಕುತ್ತಿದ್ದೆ. ಅವನು ಅಲ್ಲಿ ಏನೂ ಹಾಕಲಿಲ್ಲ, ಸ್ವರವನ್ನು ಕತ್ತರಿಸಿ ಸುಮ್ಮನಾದ. ಆ ಖಾಲಿ ಜಾಗದಲ್ಲಿ ತಬಲದ ಒಂದು ಗುಮಕಿ ಕೇಳಿಸಿತು. ಅಷ್ಟು ಸಲ ಅದೇ ಹಾಡು ನುಡಿಸಿದ್ದರೂ ಆ ಗುಮಕಿ ಅಲ್ಲಿದೆ ಎಂದು ನನ್ನ ಗಮನಕ್ಕೆ ಬಂದಿರಲಿಲ್ಲ.

ಬೇಸ್ ಬಗ್ಗೆ ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸಂಗತಿ ಇದು. ಸ್ವರ ಎಲ್ಲಿ ಶುರುವಾಗಬೇಕು ಎನ್ನುವಷ್ಟೇ ಮುಖ್ಯ, ಅದು ಎಲ್ಲಿ ನಿಲ್ಲಬೇಕು ಎನ್ನುವುದು. ಡ್ರಮ್ಸಿನ ಕಿಕ್ ಬೀಳುವ ಕ್ಷಣಕ್ಕೇ ಸ್ವರ ಬೀಳಬಹುದು, ಕೂದಲೆಳೆಯಷ್ಟು ಹಿಂದೆ ಬೀಳಬಹುದು. ಸ್ನೇರ್ ಹೊಡೆಯುವುದಕ್ಕೆ ಸರಿಯಾಗಿ ಎಡಗೈ ಸಡಿಲಿಸಿ ತಂತಿಯನ್ನು ಸುಮ್ಮನಾಗಿಸಿದರೆ ಕೇಳುವವರ ಕಾಲು ತಾನಾಗಿ ತಾಳ ಹಾಕುತ್ತದೆ. ಅದನ್ನೇ ಸ್ನೇರ್ ದಾಟಿ ಎಳೆದರೆ ಹಾಡು ಮೆತ್ತಗಾಗುತ್ತದೆ. ಎರಡೂ ತಪ್ಪಲ್ಲ. ಯಾವುದು ಸರಿ ಎಂಬುದು ಅವತ್ತು ಡ್ರಮ್ಸಿನ ಮುಂದೆ ಕೂತವರು ಯಾರು, ಅವರ ಕೈ ಮುಂದಕ್ಕೆ ಓಡುವಂಥದ್ದೋ ಹಿಂದಕ್ಕೆ ವಾಲುವಂಥದ್ದೋ ಎಂಬುದರ ಮೇಲೆ ನಿಂತಿದೆ. ಹಾಗಿರುವಾಗ ಇಬ್ಬರು ಬೇಸ್ ವಾದಕರನ್ನು ಡ್ರಮ್ಸಿನಿಂದ ಬಿಡಿಸಿ ತಂದು ಯಾರು ಮೇಲು ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ. ಇಷ್ಟನ್ನು ನಾನು ತಿಳಿದುಕೊಂಡದ್ದು ಅವತ್ತು, ಡ್ರಮ್ಸಿನ ಹಿಂದೆ ನಿಂತು. ಮನೆಯಲ್ಲಿ ಕೂತು ಯೋಚಿಸಿದ್ದರೆ ತಿಳಿಯುತ್ತಿರಲಿಲ್ಲ.

ಹೊಟ್ಟೆಕಿಚ್ಚು ಅವತ್ತೇ ಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಅದರ ಬಣ್ಣ ಬದಲಾಯಿತು. ಮೊದಲು ಅವನ ಹೆಸರು ಕೇಳಿದರೆ ಸಂಕಟವಾಗುತ್ತಿತ್ತು. ಈಗ ಆ ಖಾಲಿ ಜಾಗ ನನ್ನ ಕೈಗೆ ಯಾಕೆ ಹೊಳೆಯಲಿಲ್ಲ ಎಂಬ ಪ್ರಶ್ನೆ ಕಾಡತೊಡಗಿತು. ಎರಡನೆಯದಕ್ಕೆ ಅಭ್ಯಾಸ ಮಾಡಬಹುದು.

ನಮ್ಮ ವಾದ್ಯದವರಿಗೆ ಇನ್ನೂ ಒಂದು ಗಾಯವಿದೆ. ಕೇಳುವವರಿಗೆ ನಾವು ಕಾಣುವುದಿಲ್ಲ. ಮೆಚ್ಚುಗೆ ಸಿಗುವುದೇ ಅಪರೂಪವಾದ್ದರಿಂದ ಸಿಗುವ ಸ್ವಲ್ಪಕ್ಕೆ ಕಿತ್ತಾಟ ಜಾಸ್ತಿ. ಡೆಟ್ರಾಯ್ಟಿನ ಜೇಮ್ಸ್ ಜೇಮರ್ಸನ್ ಮೋಟೌನ್ ಕಂಪನಿಯ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದವರು, ಅದೂ ಬಲಗೈಯ ತೋರುಬೆರಳು ಒಂದರಲ್ಲೇ. 1960ರ ದಶಕದುದ್ದಕ್ಕೂ ಆ ಹಾಡುಗಳು ಜಗತ್ತನ್ನೇ ಕುಣಿಸಿದವು, ತಟ್ಟೆಯ ಮೇಲೆ ಅವರ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ಆಲ್ಬಂನ ಹೊದಿಕೆಯ ಮೇಲೆ ಅದು ಅಚ್ಚಾಯಿತು, ಹೋಲಿಕೆಯೇ ಇಲ್ಲದವರು ಎಂಬ ವಿಶೇಷಣದ ಜೊತೆ. ಅಷ್ಟರಲ್ಲಿ ಅಟ್ಲಾಂಟಿಕ್ ಆಚೆ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಜೇಮರ್ಸನ್ ಅವರ ನುಡಿಸಾಣಿಕೆಯನ್ನು ಕೇಳಿ ಕೇಳಿ ತಮ್ಮ ಬೇಸನ್ನು ತಿದ್ದಿಕೊಂಡಿದ್ದರು. ನಮ್ಮಲ್ಲೂ ಬೇರೆಯಲ್ಲ. ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡು ಕೇಳಿ ಬೆಳೆದ ನನ್ನ ಪೀಳಿಗೆ, ಇಳಯರಾಜಾ ಅವರು ಬೇಸ್ ಗಿಟಾರಿಗೆ ಕೊಟ್ಟ ಜಾಗ ಕಂಡೇ ಈ ವಾದ್ಯಕ್ಕೆ ಮನಸೋತದ್ದು. ಅಲ್ಲಿ ಬೇಸ್ ಹಾಡಿನ ಕೆಳಗೆ ಇನ್ನೊಂದು ಹಾಡನ್ನೇ ಹಾಡುತ್ತದೆ. ಕ್ಯಾಸೆಟ್ಟಿನ ಮೇಲೆ ಗಾಯಕರ, ಸಾಹಿತಿಗಳ, ಸಂಗೀತ ನಿರ್ದೇಶಕರ ಹೆಸರು ಓದಿಕೊಳ್ಳುತ್ತಿದ್ದೆವು. ಇಳಯರಾಜಾ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಶಶಿಧರನ್ ಎಂಬವರ ಹೆಸರು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಪಕ್ಕವಾದ್ಯದವರನ್ನು ಗೌರವಿಸಲು ನಮ್ಮ ನಾಡಿಗೆ ಬರುವುದಿಲ್ಲ ಎಂದಲ್ಲ. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿ, ಮೈಕಿಲ್ಲದ ಸಭೆಯಲ್ಲೂ ಹಿಂದಿನ ಸಾಲಿನವರಿಗೆ ಕೇಳುವಂತೆ ಮಾಡಿದವರು. ಮಲ್ಲೇಶ್ವರದ ಪಕ್ಕದಲ್ಲಿ ಅವರ ಹೆಸರಿನ ಭವನ ಪಿಟೀಲಿನ ಆಕಾರದಲ್ಲೇ ನಿಂತಿದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಇನ್ನು ಕ್ಯಾಲೆಂಡರಿನ ಅರ್ಧ. ಇದಕ್ಕೆ ಮದ್ದು ಸಿಕ್ಕಿದ್ದು ‘ಬದಲಿ’ ಹೋಗುವ ಪದ್ಧತಿಯಿಂದ. ಒಂದೇ ದಿನ ಎರಡು ಕಡೆ ಒಪ್ಪಿಕೊಂಡಾಗ, ಜ್ವರ ಬಂದಾಗ, ಮನೆಯಲ್ಲಿ ಶುಭಕಾರ್ಯವಿದ್ದಾಗ ನಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕಳಿಸುತ್ತೇವೆ. ಇಲ್ಲಿ ಜಾಗ ಕಳೆದುಕೊಳ್ಳುವ ಭಯ ಸುಳ್ಳಲ್ಲ. ಲಾಸ್ ಏಂಜಲೀಸಿನಲ್ಲಿ ಗಿಟಾರ್ ನುಡಿಸುತ್ತಿದ್ದ ಕ್ಯಾರಲ್ ಕೇ 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸ್ ವಾದಕ ಬಾರದೇ ಹೋದಾಗ ಆ ವಾದ್ಯ ಕೈಗೆತ್ತಿಕೊಂಡರು. ಮುಂದೆ ಆ ಊರಿನ ಸ್ಟುಡಿಯೋಗಳಲ್ಲಿ ಅತಿ ಹೆಚ್ಚು ಬೇಡಿಕೆಯ ಬೇಸ್ ವಾದಕರಲ್ಲಿ ಒಬ್ಬರಾದರು. ಒಂದು ದಿನ ಜಾಗ ಬಿಟ್ಟರೆ ಜಾಗವೇ ಹೋದೀತು ಎಂಬ ಹೆದರಿಕೆಯಿಂದ ನಮ್ಮಲ್ಲಿ ಎಷ್ಟೋ ಜನ ತಮಗಿಂತ ಕಡಿಮೆ ನುಡಿಸುವವರನ್ನೇ ಹುಡುಕಿ ಬದಲಿ ಕಳಿಸುತ್ತಾರೆ. ಅದರಿಂದ ಹಾಡು ಕೆಡುತ್ತದೆ, ತಂಡದ ಮಾಲೀಕರು ಮುಂದಿನ ಸಲ ಕೀಬೋರ್ಡಿನವರ ಎಡಗೈಯಲ್ಲೇ ಬೇಸ್ ಸಾಗಿಸಿ ಒಬ್ಬರ ಪೇಮೆಂಟ್ ಉಳಿಸುತ್ತಾರೆ. ಹೀಗೆ ಜಾಗ ಯಾರಿಗೂ ಉಳಿಯದೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮೆಲ್ಲರ ಜಾಗಕ್ಕೆ ನಿಜವಾಗಿ ಬರುತ್ತಿರುವುದು ಕೀಬೋರ್ಡಿನ ಎಡಗೈ ಮತ್ತು ರೆಡಿ ಟ್ರ್ಯಾಕು. ಪಕ್ಕದ ಏರಿಯಾದ ಬೇಸ್ ಗಿಟಾರಿಸ್ಟನ ಮೇಲೆ ಕಣ್ಣಿಟ್ಟು ಕೂತವರಿಗೆ ಇದು ಕಾಣುವುದಿಲ್ಲ.

ನಾನು ಆ ಹುಡುಗನನ್ನೇ ಬದಲಿ ಕಳಿಸಿದೆ. ಕಳಿಸುವ ಮುಂಚೆ ಫೋನ್ ಮಾಡಿ ಮಾತು ನೇರವಾಗಿ ಆಡಿಕೊಂಡೆವು: ಬದಲಿ ಹೋದವರು ಮಾಲೀಕರ ಹತ್ತಿರ ಮುಂದಿನ ತಾರೀಖಿನ ಮಾತೆತ್ತಬಾರದು, ಅವರೇ ಕೇಳಿದರೆ ‘ಅಣ್ಣನ್ನ ಒಂದು ಮಾತು ಕೇಳಿ’ ಎನ್ನಬೇಕು, ಪೇಮೆಂಟ್ ಎಷ್ಟೆಂದು ಇಬ್ಬರಿಗೂ ಗೊತ್ತಿರಬೇಕು. ಅವನೂ ಅಷ್ಟೇ ನೇರವಾಗಿ, “ಸರಿ ಅಣ್ಣ, ಆದ್ರೆ ನಂದು ಡಬಲ್ ಬುಕಿಂಗ್ ಆದಾಗ ನೀವೂ ಬರ್ಬೇಕು. ಚಿಕ್ಕೋನು ಕರೀತಾನೆ ಅಂತ ಬೇಜಾರ್ ಮಾಡ್ಕೋಬಾರ್ದು” ಎಂದ. ಮೊದಲ ಸಲ ಅವನ ಬದಲಿಗೆ ಹೋದಾಗ ನನಗೆ ಸ್ವಲ್ಪ ಬೇಜಾರಾದದ್ದು ನಿಜ. ಅವನು ಬರೆದಿಟ್ಟುಕೊಂಡ ಕಾರ್ಡ್ಸ್ ಪುಸ್ತಕ ಕೈಗೆ ಬಂದಾಗ ಆ ಬೇಜಾರು ಮರೆತೇಹೋಯಿತು. ಪ್ರತಿ ಹಾಡಿಗೂ ಶ್ರುತಿ, ತಾಳ, ಜೊತೆಗೆ ಯಾವ ಗಾಯಕರು ಎಲ್ಲಿ ಎಳೆಯುತ್ತಾರೆ, ಎಲ್ಲಿ ಕಾಯಬೇಕು ಎಂದು ಪೆನ್ಸಿಲ್ಲಿನಲ್ಲಿ ಟಿಪ್ಪಣಿ. ಇಷ್ಟು ಶ್ರಮಪಡುವವನ ಬಗ್ಗೆ ಕೆಟ್ಟದು ಮಾತಾಡುವುದು ಕಷ್ಟ. ಟೀ ಅಂಗಡಿಯಲ್ಲಿ ನಮ್ಮವರು ಸೇರಿದಾಗ ‘ಅವನಿಗೆ ಇನ್ಫ್ಲುಯೆನ್ಸ್ ಇದೆ, ಅದಕ್ಕೇ ಕರೀತಾರೆ’ ಎಂಬ ಮಾತು ಬರುತ್ತಲೇ ಇರುತ್ತದೆ. ನಾನು ಈಗ ಅಲ್ಲಿ ಆ ಪುಸ್ತಕದ ವಿಷಯ ಹೇಳುತ್ತೇನೆ.

2008ರಲ್ಲಿ ಸ್ಟ್ಯಾನ್ಲಿ ಕ್ಲಾರ್ಕ್, ಮಾರ್ಕಸ್ ಮಿಲ್ಲರ್, ವಿಕ್ಟರ್ ವೂಟನ್ ಎಂಬ ಮೂವರು ದಿಗ್ಗಜರು ಸೇರಿ ‘ಥಂಡರ್’ ಎಂಬ ಆಲ್ಬಂ ಮಾಡಿದರು. ಮೂರು ಬೇಸ್ ಗಿಟಾರ್ ಒಂದೇ ವೇದಿಕೆಯಲ್ಲಿ. ಒಬ್ಬರು ಮೇಲೆ ಹಾಡಿದರೆ ಇನ್ನೊಬ್ಬರು ತಳ ಹಿಡಿಯುತ್ತಾರೆ, ಮತ್ತೊಬ್ಬರು ನಡುವೆ ತಾಳದಂತೆ ಬಡಿಯುತ್ತಾರೆ. ಅದನ್ನು ಕೇಳಿದ ಮೇಲೆ, ಕಾರ್ಯಕ್ರಮವಿಲ್ಲದ ಆಷಾಢದಲ್ಲಿ ನಾವೂ ಕೂರತೊಡಗಿದೆವು: ನಾನು, ಅವನು, ಫ್ರೇಜರ್ ಟೌನಿನ ಚರ್ಚಿನಲ್ಲಿ ನುಡಿಸುವ ಇನ್ನೊಬ್ಬರು, ಜೊತೆಗೆ ಡ್ರಮ್ಸಿನ ಸ್ನೇಹಿತರು. ಒಂದೇ ಹಾಡನ್ನು ಒಬ್ಬರಾದ ಮೇಲೊಬ್ಬರು ನುಡಿಸುವುದು, ಉಳಿದವರು ಕೇಳುವುದು. ಡ್ರಮ್ಸ್ ಬದಲಾಗುವುದಿಲ್ಲ, ಹಾಡು ಬದಲಾಗುವುದಿಲ್ಲ, ಕೈ ಮಾತ್ರ ಬದಲಾಗುತ್ತದೆ. ಹೋಲಿಸುವುದಾದರೆ ಹೀಗೆ ಹೋಲಿಸಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ಚರ್ಚಿನವರ ಎಡಗೈಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಯವಿದೆ. ಅದು ನನಗೆ ಬರುವುದಿಲ್ಲ, ಅವರನ್ನು ಕೇಳಿ ಕಲಿಯುತ್ತಿದ್ದೇನೆ. ಆರು-ಎಂಟರ ಜಾನಪದ ಹಾಡುಗಳಲ್ಲಿ ನನ್ನ ಕೈ ಹಿಡಿಯುವ ನಡೆ ಅವರಿಬ್ಬರಿಗೂ ಬೇಕಾಗಿದೆ.

‘ಪಲ್ಲವಿ ಅನುಪಲ್ಲವಿ’ಯ ಒಂದು ಹಾಡಿನ ಚರಣಕ್ಕೆ ಬಂದಾಗ ಮಾತ್ರ ನಾವು ಪ್ರತಿಸಲವೂ ಜಗಳಕ್ಕೆ ಬೀಳುತ್ತೇವೆ. ಇಳಿದು ಬರುವ ಆ ಓಟದ ಕೊನೆಯ ಸ್ವರವನ್ನು ಸ್ನೇರ್‌ವರೆಗೆ ಎಳೆಯಬೇಕು ಎಂದು ನಾನು, ಅದಕ್ಕೂ ಮುಂಚೆಯೇ ಕತ್ತರಿಸಬೇಕು ಎಂದು ಅವನು. ಮೂಲ ಹಾಡನ್ನು ಹಾಕಿ ಕೇಳುತ್ತೇವೆ, ಇಬ್ಬರಿಗೂ ನಮ್ಮ ನಮ್ಮ ಮಾತೇ ಸರಿ ಎಂದು ಕೇಳಿಸುತ್ತದೆ. ಡ್ರಮ್ಸಿನವರು ಕೋಲು ಕೆಳಗಿಟ್ಟು ಟೀ ಹೇಳಲು ಎದ್ದುಹೋಗುತ್ತಾರೆ.