ಮುರಿದ ಎಲುಬೂ ಬೈಸಿಕಲ್ಲಿನ ಅಭ್ಯಾಸವೂ

ಬೈಸಿಕಲ್ಲಿನಿಂದ ಬೀಳುವವರು ಸಾಧಾರಣವಾಗಿ ಕೈಯನ್ನು ಮುಂದಕ್ಕೆ ಚಾಚಿಕೊಂಡೇ ಬೀಳುತ್ತಾರೆ. ಇಲ್ಲವೆ ಭುಜದ ಮೇಲೆ ಬೀಳುತ್ತಾರೆ. ಆದಕಾರಣ ಸವಾರರಲ್ಲಿ ಮಣಿಕಟ್ಟೂ ಕೊರಳೆಲುಬೂ ಮುರಿಯುವದು ಹೆಚ್ಚು. ೨೦೦೬-೦೭ರಿಂದ ಹಲವು ವರುಷಗಳ ಕಾಲ ನಮ್ಮ ರಾಜ್ಯದ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿದುದರಿಂದ, ಸವಾರಿಯು ಬಾಲಿಕೆಯರಿಗೆ ಅಪೂರ್ವವಾದ ವಿದ್ಯೆಯಾಗಿ ಉಳಿದಿಲ್ಲ. ಆದರೂ ಒಂದು ಭೇದವುಂಟು. ಹುಡುಗನು ಬಿದ್ದು ಕೈ ಮುರಿದುಕೊಂಡರೆ, ಪಟ್ಟಿ ಬಿಚ್ಚಿದ ಮರುದಿನವೇ ಅವನು ಸೈಕಲ್ಲು ಹತ್ತುವದನ್ನು ಯಾರೂ ತಡೆಯರು. ಹುಡುಗಿ ಬಿದ್ದರೆ ಸೈಕಲ್ಲೇ ಕೊಟ್ಟಿಗೆಯ ಮೂಲೆಯನ್ನು ಸೇರುವದು. ಎಲುಬಿನ ಸ್ವಭಾವವನ್ನು ಬಲ್ಲವರು ಇವೆರಡನ್ನೂ ಒಪ್ಪಲಾರರು.

ಎಲುಬು ಒಣಗಿದ ಕಟ್ಟಿಗೆಯಂತೆ ನಿರ್ಜೀವ ವಸ್ತುವಲ್ಲ. ಅದು ಮುರಿದ ಕೂಡಲೆ ಆ ಸ್ಥಳದಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳೊಳಗೆ ಮೃದುವಾದೊಂದು ಗಂಟು ಎರಡೂ ತುದಿಗಳನ್ನು ಕೂಡಿಸುತ್ತದೆ. ಮುಂದೆ ಸುಣ್ಣದ ಅಂಶವು ಅದರೊಳಗೆ ಸೇರಿ, ಆರು ವಾರಗಳಿಂದ ಮೂರು ತಿಂಗಳವರೆಗಿನ ಅವಧಿಯಲ್ಲಿ ಗಂಟು ಗಟ್ಟಿಯಾಗುತ್ತದೆ. ಮಕ್ಕಳಲ್ಲಿ ಈ ಕಾರ್ಯವು ಬೇಗನೆ ನಡೆಯುವದು. ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿನಲ್ಲಿ ತಡವಾಗುವದು. ಗಂಟು ಸವೆದು ಎಲುಬು ತನ್ನ ಮೊದಲಿನ ಆಕಾರಕ್ಕೆ ಬರಲು ತಿಂಗಳುಗಳಲ್ಲ, ಕೆಲವೊಮ್ಮೆ ವರುಷಗಳೇ ಬೇಕು. ನೋವು ಇವೆಲ್ಲಕ್ಕೂ ಮೊದಲೇ ಅಡಗಿಬಿಡುತ್ತದೆ. ಅಪಾಯವಿರುವದು ಇಲ್ಲಿಯೇ. ನೋವಿಲ್ಲವೆಂದು ಹೊರಟವಳ ಎಲುಬು ಇನ್ನೂ ಅರ್ಧ ಮಾತ್ರ ಬೆಸೆದಿರಬಹುದು.

ಹಾಗಾದರೆ ವರುಷವಿಡೀ ಸುಮ್ಮನೆ ಕುಳಿತರಾಯಿತೇ? ಅದೂ ಸಲ್ಲದು. ಎಲುಬು ತಾನು ಹೊರುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆಂದು ಬರ್ಲಿನಿನ ಶಸ್ತ್ರವೈದ್ಯನಾದ ಯೂಲಿಯುಸ್ ವೊಲ್ಫನು ೧೮೯೨ರಲ್ಲಿ ಪ್ರತಿಪಾದಿಸಿದನು. ಭಾರವೇ ಬೀಳದ ಎಲುಬು ಸೊರಗುತ್ತದೆ. ಎರಡು ವಾರ ಕಟ್ಟಿನೊಳಗಿದ್ದ ತೋಳೋ ಕಾಲೋ ಸಣ್ಣಗಾಗುವದನ್ನು ಯಾರು ಕಂಡಿಲ್ಲ? ಆದಕಾರಣ ಕೇಳತಕ್ಕ ಪ್ರಶ್ನೆಯು ಸವಾರಿ ಬೇಕೋ ಬೇಡವೋ ಎಂಬದಲ್ಲ. ಯಾವ ವಾರದಲ್ಲಿ ಎಷ್ಟು ಭಾರ ಎಂಬದು.

ಮೊದಲು ವೈದ್ಯರು ಎಕ್ಸ್‌ರೇ ನೋಡಿ ಅಪ್ಪಣೆ ಕೊಡಬೇಕು. ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಗುಳಿಯ ಕೆಳಗೆ, ದೋಣಿಯ ಆಕಾರದ ಸಣ್ಣ ಎಲುಬೊಂದಿದೆ. ಅದಕ್ಕೆ ರಕ್ತಸಂಚಾರ ಕಡಿಮೆ. ಮುರಿದರೆ ಮೊದಲನೆಯ ಚಿತ್ರದಲ್ಲಿ ಕಾಣದಿರುವದೂ ಉಂಟು. ಬರೇ ಉಳುಕೆಂದು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಕುಳಿತರೆ ಅದು ಕೂಡದೆಯೇ ಉಳಿದೀತು. ಗುಳಿಯನ್ನು ಒತ್ತಿದಾಗ ನೋಯುತ್ತಿದ್ದರೆ ಮತ್ತೊಮ್ಮೆ ತೋರಿಸುವದು ಅವಶ್ಯ. ಯಾಕಂದರೆ ಸವಾರಳ ಭಾರದ ಒಂದು ಪಾಲು ಹ್ಯಾಂಡಲಿನ ಮೇಲೆಯೇ ಇರುತ್ತದೆ, ಬ್ರೇಕು ಹಿಡಿದಾಗ ಅದು ಇನ್ನೂ ಹೆಚ್ಚುತ್ತದೆ. ಎರಡೂ ಕೈಗಳಿಂದ ಗೋಡೆಯನ್ನು ಒತ್ತಿದಾಗ ನೋವಾಗದೆ, ಬ್ರೇಕನ್ನು ಪೂರ್ತಿಯಾಗಿ ಹಿಡಿಯಬಲ್ಲವಳಾಗಿ, ಹಿಂದಕ್ಕೆ ತಿರುಗಿ ನೋಡಲು ಸಾಧ್ಯವಾದ ಹೊರತು ಬೀದಿಗಿಳಿಯತಕ್ಕದ್ದಲ್ಲ.

ಅದುವರೆಗೆ ಕಾಲುಗಳು ಸುಮ್ಮನಿರಬೇಕಾಗಿಲ್ಲ. ಕೈಯ ಅಥವಾ ಕೊರಳೆಲುಬಿನ ಮುರಿತವಾದರೆ, ವೈದ್ಯರು ಒಪ್ಪಿದಲ್ಲಿ, ಅಲುಗದೆ ನಿಲ್ಲುವ ವ್ಯಾಯಾಮದ ಸೈಕಲ್ಲನ್ನು ನೆಟ್ಟಗೆ ಕುಳಿತು ತುಳಿಯಬಹುದು. ಹತ್ತು ನಿಮಿಷದಿಂದ ತೊಡಗಿದರೆ ಸಾಕು. ಮನೆಯ ಸೈಕಲ್ಲನ್ನೇ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತುಳಿಯುವ ಹುಡುಗಾಟವು ಇಂಥವಳಿಗೆ ತಕ್ಕದ್ದಲ್ಲ. ಅದು ಉರುಳಿದರೆ ಮುರಿದ ಕೈಯೇ ಮತ್ತೆ ನೆಲಕ್ಕೆ ತಾಗುವದು.

ಬೀದಿಯ ಅಭ್ಯಾಸಕ್ಕೆ ಕುಂದಾಪುರದ ಕೋಡಿಯಂಥ ಸ್ಥಳವು ಬಹಳ ಅನುಕೂಲವಾದದ್ದು. ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿ. ನಡುವೆ ಏರಿಳಿತವಿಲ್ಲದ ನೆಲ. ಆದರೂ ಎರಡು ಸಂಗತಿಗಳನ್ನು ಗಮನಿಸಬೇಕು. ದಾರಿಯ ಅಂಚಿಗೆ ಬಂದು ಬಿದ್ದ ಹೊಯಿಗೆಯ ಮೇಲೆ ಚಕ್ರವು ಜಾರುತ್ತದೆ. ಮಧ್ಯಾಹ್ನದ ಮೇಲೆ ಪಡುವಣದಿಂದ ಬೀಸುವ ಕಡಲ ಗಾಳಿಯು ಪಕ್ಕಕ್ಕೆ ತಾಗಿ ತೂಕ ತಪ್ಪಿಸುತ್ತದೆ. ಬೆಳಗಿನ ಹೊತ್ತೇ ಲೇಸು. ಮೊದಲು ಹೊತ್ತನ್ನು ಹೆಚ್ಚಿಸಬೇಕು, ಅನಂತರ ವೇಗವನ್ನು, ಕಡೆಗೆ ಏರನ್ನು. ಒಂದೇ ವಾರದಲ್ಲಿ ಎರಡನ್ನು ಕೂಡಿಸಬಾರದು. ಮುರಿದ ಸ್ಥಳದ ನೋವು ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ ಹಿಂದಿನ ವಾರದ ಅಳತೆಗೆ ಹಿಂದಿರುಗತಕ್ಕದ್ದು. ಮೂಡಣದ ಬಾಳೆಬರೆ ಘಾಟಿ ಎಲ್ಲಿಗೂ ಓಡಿಹೋಗದು! ಏರುವಾಗ ಉಸಿರು ಮಾತ್ರ ಸೋಲುವದು. ಇಳಿಯುವಾಗ ಬ್ರೇಕು ಹಿಡಿದ ಮಣಿಕಟ್ಟು ಸೋಲುವದು.

ಆಹಾರದ ವಿಷಯದಲ್ಲಿ ಕರಾವಳಿಯವರು ದೂರ ಹುಡುಕಬೇಕಾಗಿಲ್ಲ. ಮುಳ್ಳಿನೊಂದಿಗೇ ತಿನ್ನುವ ಸಣ್ಣ ಮೀನುಗಳಲ್ಲಿ ಸುಣ್ಣದ ಅಂಶವೂ, ಬೂತಾಯಿಯಲ್ಲಿ ಡಿ ಜೀವಸತ್ವವೂ ಇವೆ. ಮೀನು ತಿನ್ನದವರಿಗೆ ರಾಗಿಯೂ ಹಾಲೂ ಇವೆ.

ಹಾಲೆಂಡಿನ ಆನ್ನೆಮೀಕ್ ವಾನ್ ವ್ಲೂಟೆನ್ ಎಂಬಾಕೆ ೨೦೧೬ರ ರಿಯೋ ಒಲಿಂಪಿಕ್ಸಿನಲ್ಲಿ ಎಲ್ಲರಿಗಿಂತ ಮುಂದಾಗಿ ಗುಡ್ಡವಿಳಿಯುತ್ತಿದ್ದಾಗ ಬಿದ್ದು ಬೆನ್ನೆಲುಬಿನ ಮೂರು ಕಡೆ ಮುರಿತ ಹೊಂದಿದಳು. ೨೦೧೭ರಲ್ಲಿ ಒಂಟಿ ಸವಾರಿಯ ವಿಶ್ವಸ್ಪರ್ಧೆಯನ್ನೂ, ೨೦೨೧ರಲ್ಲಿ ಟೋಕಿಯೋದಲ್ಲಿ ಅದೇ ವಿಧದ ಸ್ಪರ್ಧೆಯಲ್ಲಿ ಚಿನ್ನದ ಪದಕವನ್ನೂ ಗೆದ್ದಳು. ಇದು ಬಿದ್ದವಳ ಮನೆಯವರು ಓದತಕ್ಕ ಸಂಗತಿ. ಆಕೆಯೇ ೨೦೨೦ರಲ್ಲಿ ಮಣಿಕಟ್ಟು ಮುರಿದುಕೊಂಡು ಒಂಬತ್ತೇ ದಿನಗಳಲ್ಲಿ ವಿಶ್ವಸ್ಪರ್ಧೆಗಿಳಿದು ಎರಡನೆಯವಳಾದಳು. ಇದನ್ನು ಮಾತ್ರ ಯಾರೂ ಅನುಕರಿಸಬಾರದು. ಅಂಥ ತಂಡಗಳ ಬೆನ್ನಿಗೆ ವೈದ್ಯರಿರುತ್ತಾರೆ. ನಮ್ಮ ಬಾಲಿಕೆಯ ಬೆನ್ನಿಗೆ ಇರುವದು ಪುಸ್ತಕದ ಚೀಲ.

ಬಿದ್ದ ಸೈಕಲ್ಲನ್ನೂ ಮರೆಯಬಾರದು. ಎರಡು ಮೂರು ತಿಂಗಳು ಕೊಟ್ಟಿಗೆಯಲ್ಲಿದ್ದರೆ ಕಡಲ ಬದಿಯ ಉಪ್ಪುಗಾಳಿಗೆ ಬ್ರೇಕಿನ ತಂತಿಯೂ ಚೈನೂ ತುಕ್ಕು ಹಿಡಿಯುತ್ತವೆ. ಹ್ಯಾಂಡಲು ಓರೆಯಾಗಿದೆಯೋ, ಚಕ್ರ ಬಾಗಿದೆಯೋ ಎಂದು ರಿಪೇರಿಯವನಿಂದ ನೋಡಿಸಿ, ಬೀಳುವಾಗ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಬಿರುಕು ಕಾಣದಿದ್ದರೂ ಬದಲಾಯಿಸಿಯೇ ಹೊರಡತಕ್ಕದ್ದು.