ಹಳೆ ಮಿಲಿಟರಿ ಜೀಪಿಗೆ ಕಾತ್ರಜದಲ್ಲಿ ಸ್ಪೇರ್ ಪಾರ್ಟ್ಸ್: ಕೈಗೂಡುವ ಸೂತ್ರಗಳು

ಪುಣೆಯ ಸಾತಾರಾ ರಸ್ತೆ ಘಾಟ್ ಹತ್ತುವ ಮೊದಲು ಸಿಗುವುದು ಕಾತ್ರಜ. ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ಸುಗಳಿಗೆ ನಮ್ಮವರು ಚೀಲ ಹಿಡಿದು ಕಾಯುವ ಜಾಗ. ಹೆದ್ದಾರಿಯ ಊರಾದ್ದರಿಂದ ಗ್ಯಾರೇಜು, ಲೇತು, ಬಿಡಿಭಾಗದ ಅಂಗಡಿಗಳಿಗೆ ಕೊರತೆಯಿಲ್ಲ. ಸೇನೆಯ ಹರಾಜಿನಿಂದ ಹೊರಬಂದ ಜೀಪೋ ಜೋಂಗಾವೋ ನಿಮ್ಮಲ್ಲಿದ್ದರೆ, ಅಮೆರಿಕದಿಂದ ಪಾರ್ಸೆಲ್ ತರಿಸುವ ಮುಂಚೆ ಇಲ್ಲೊಂದು ಸುತ್ತು ಹಾಕಿ.

1. ಗಾಡಿಯ ಹೆಸರು ಹೇಳಬೇಡಿ, ಹಳೆಯ ಭಾಗವನ್ನೇ ಕೈಗೆ ಕೊಡಿ. "1943ರ ವಿಲ್ಲೀಸ್‌ಗೆ ಆಯಿಲ್ ಸೀಲ್ ಇದೆಯಾ?" ಅಂದರೆ "ನಾಹೀ ಮಿಳಣಾರ್, ದಾದಾ" (ಸಿಗಲ್ಲ, ಅಣ್ಣಾ) ಎಂಬ ಉತ್ತರ ಖಚಿತ. ಅದೇ ಹಳೆಯ ಸೀಲನ್ನು ಗಲ್ಲೆಯ ಮೇಲಿಡಿ. ಅಂಗಡಿಯವರು ಹೆಬ್ಬೆರಳಿನಿಂದ ಗ್ರೀಸ್ ಒರೆಸುತ್ತಾರೆ, ಬೆಳಕಿಗೆ ಹಿಡಿದು ಅಂಕಿ ಹುಡುಕುತ್ತಾರೆ, ಕಾಣದಿದ್ದರೆ ವರ್ನಿಯರ್ ಹಚ್ಚಿ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಅಳೆಯುತ್ತಾರೆ. ಆಮೇಲೆ ಹುಡುಗನನ್ನು ಏಣಿ ಹತ್ತಿಸುತ್ತಾರೆ. ಇಳಿದು ಬರುವುದು ಯಾವುದೋ ಟ್ರ್ಯಾಕ್ಟರಿನ ಸೀಲ್ ಇರಬಹುದು. ಅಳತೆ ಕೂಡಿದರೆ ಸಾಕು.

2. ಬೇರಿಂಗ್ ಸಂಖ್ಯೆ ಬರೆದಿಟ್ಟುಕೊಳ್ಳಿ. ವಿಲ್ಲೀಸ್ ಚಕ್ರದ ಬೇರಿಂಗ್ 18590, ಅದು ಕೂರುವ ಕಪ್ 18520. ಈ ಎರಡು ಸಂಖ್ಯೆ ಗೊತ್ತಿದ್ದರೆ ಜೀಪಿನ ಮಾತೇ ಬೇಡ, ಯಾವ ಬೇರಿಂಗ್ ಅಂಗಡಿಗೂ ಅರ್ಥವಾಗುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯ ಕಪ್ಪಿನಲ್ಲಿ ಹೊಸ ಬೇರಿಂಗ್ ಬಾಳುವುದಿಲ್ಲ.

3. ಗಾಡಿಯ ವಂಶ ತಿಳಿದಿರಲಿ. ಮಹೀಂದ್ರ ಕಂಪನಿ 1949ರಲ್ಲಿ ಮುಂಬೈಯ ಮಜಗಾಂವ್‌ನಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಮುಂದೆ ಇಲ್ಲೇ ತಯಾರಾದ ಸಿಜೆ-3ಬಿ ದಶಕಗಟ್ಟಲೆ ಓಡಿತು. ಯುದ್ಧಕಾಲದ ವಿಲ್ಲೀಸ್ ಎಂಬಿ ಜೀಪಿಗೂ ಅದಕ್ಕೂ ಮುಂದಿನ ಆಕ್ಸಲ್ ಒಂದೇ ಮಾದರಿಯದು. ಹಾಗಾಗಿ "ಹಳೆ ಮಹೀಂದ್ರ ಪೆಟ್ರೋಲ್ ಜೀಪ್" ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ಆದರೆ ಗೇರ್‌ಬಾಕ್ಸ್ ಬೇರೆ: ಎಂಬಿಯದು ಟಿ-84, ಸಿಜೆ-3ಬಿಯದು ಟಿ-90. ಜಬಲ್‌ಪುರದ ಜೋಂಗಾದ ಮೂಲ ನಿಸಾನ್ ಪ್ಯಾಟ್ರೋಲ್ ಗಾಡಿ, ಶಕ್ತಿಮಾನ್ ಲಾರಿಯದು ಜರ್ಮನಿಯ ಮ್ಯಾನ್. ಅವುಗಳ ಪಾರ್ಟ್ಸ್ ಜೀಪಿನ ಡಬ್ಬಿಯಲ್ಲಿ ಹುಡುಕಬೇಡಿ.

4. ಇಂಚಿಗೂ ಮಿಲಿಮೀಟರಿಗೂ ಮದುವೆ ಮಾಡಿಸಬೇಡಿ. ಈ ಪಾಠಕ್ಕೆ ನಾನು ಬೆಲೆ ತೆತ್ತಿದ್ದೇನೆ. ಸಂಜೆಯ ಅವಸರದಲ್ಲಿ 5/16 ಇಂಚಿನ ಬೋಲ್ಟ್ ಕೇಳಿದೆ, "ಎಂಟರದು ನಡೆಯುತ್ತೆ" ಎಂದು ಕೊಟ್ಟರು. ನೋಡಲು ಅಣ್ಣತಮ್ಮಂದಿರೇ: ಒಂದು 7.94 ಮಿ.ಮೀ., ಇನ್ನೊಂದು 8. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದಕ್ಕೆ ಬಿಗಿಯಿತು. ತುಕ್ಕು ಇರಬೇಕೆಂದು ಪಾನಾ ಹಾಕಿ ಒತ್ತಿದೆ, ಎಂಬತ್ತು ವರ್ಷದ ಎರಕದ ಥ್ರೆಡ್ ಪುಡಿಯಾಗಿ ಉದುರಿತು. 5/16ರ ನಯ ಥ್ರೆಡ್ಡಿನಲ್ಲಿ ಒಂದು ಇಂಚಿಗೆ 24 ಸುತ್ತು, ಅಂದರೆ ಸುತ್ತಿಗೆ 1.06 ಮಿ.ಮೀ. ಮಾಮೂಲಿ ಎಂಟರ ಬೋಲ್ಟಿನದು 1.25. ಅಂದಿನಿಂದ ಥ್ರೆಡ್ ಗೇಜ್ ಜೇಬಿನಲ್ಲೇ ಇರುತ್ತದೆ. ಬೋಲ್ಟ್ ಬೆರಳಲ್ಲೇ ಕೊನೆತನಕ ತಿರುಗಬೇಕು, ತಿರುಗದಿದ್ದರೆ ವಾಪಸ್ ಕೊಡಿ. ಇನ್ನೊಂದು: ವಿಲ್ಲೀಸ್ ಎಡಗಡೆಯ ಚಕ್ರದ ನಟ್ಟುಗಳು ಎಡಸುತ್ತಿನವು. ಗೊತ್ತಿಲ್ಲದೆ ಬಲ ಹಾಕಿ ಸ್ಟಡ್ ಮುರಿದವರನ್ನು ನೋಡಿದ್ದೇನೆ.

5. ಬ್ರೇಕಿನಲ್ಲಿ ಚೌಕಾಸಿ ಬೇಡ. ಈ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನು. ಒಂದು ರಬ್ಬರ್ ಕಪ್ ಹೋದರೆ ಕಾತ್ರಜ ಘಾಟಿನ ಇಳಿಜಾರಿನಲ್ಲಿ ಪೆಡಲ್ ನೆಲ ಮುಟ್ಟುತ್ತದೆ. "ಹಳೇ ಕಂಪನಿ ಮಾಲು, ಪ್ಯಾಕ್ ಒಡೆದೇ ಇಲ್ಲ" ಅಂದರೂ ಮರುಳಾಗಬೇಡಿ. ರಬ್ಬರ್ ಡಬ್ಬಿಯೊಳಗೇ ಮುದಿಯಾಗುತ್ತದೆ. ಎಂಬಿಯ ವೀಲ್ ಸಿಲಿಂಡರ್ ಮುಂದೆ 1 ಇಂಚು, ಹಿಂದೆ ಮುಕ್ಕಾಲು. ಅಳತೆ ಹೇಳಿ ಹೊಸ ಕಿಟ್ಟೇ ತನ್ನಿ. ಜೋಡಿಸುವಾಗ ಪೆಟ್ರೋಲು, ಡೀಸೆಲ್ ಮುಟ್ಟಿಸದೆ ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ.

6. ಟೈರಿನ ಅಳತೆ ಒಂದೇ ಆದರೆ ಟೈರ್ ಒಂದೇ ಅಲ್ಲ. 6.00-16 ಜೀಪಿಗೂ ಬರುತ್ತದೆ, ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೂ ಬರುತ್ತದೆ. ಟ್ರ್ಯಾಕ್ಟರಿನದು ಹೊಲಕ್ಕೆ, ನಿಧಾನದ ಓಟಕ್ಕೆ. ಹೆದ್ದಾರಿಯ ವೇಗಕ್ಕೆ ಅದನ್ನು ಹಾಕಲೇಬೇಡಿ.

7. ಬಲ್ಬಿಗೆ ಹಳೆ ಬೈಕ್ ಮೆಕ್ಯಾನಿಕ್ ಹತ್ತಿರ ಹೋಗಿ. ಯುದ್ಧಕಾಲದ ಜೀಪು 6 ವೋಲ್ಟಿನದು. ನಮ್ಮ ಮೈಸೂರಿನ ಹಳೆ ಜಾವಾ, ಯೆಜ್ಡಿ ಕೂಡ 6 ವೋಲ್ಟೇ. ಅವುಗಳ ಬಲ್ಬು ಇಟ್ಟವರು ಈಗಲೂ ಇದ್ದಾರೆ.

8. ಕಾತ್ರಜದಲ್ಲಿ ಸಿಗದ್ದಕ್ಕೆ ಪೇಟೆಗೆ ಇಳಿಯಿರಿ. ನಾನಾ ಪೇಠ್ ವಾಹನ ಬಿಡಿಭಾಗಗಳ ಸಾಲು. ಮಂಗಳವಾರ ಪೇಠ್ ಬಳಿ ಬುಧವಾರ, ಭಾನುವಾರ ಜುನಾ ಬಜಾರ್ ಕೂರುತ್ತದೆ. ಅಲ್ಲಿ ಕಬ್ಬಿಣದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೋಲ್ಟಿನ ತಲೆಯನ್ನು ಉಜ್ಜಿ ನೋಡಿ. ಬಳುಕಿ ಬರೆದ ಎಫ್ ಅಕ್ಷರ ಮೂಡಿದರೆ ಅದು ಫೋರ್ಡ್ ಕಂಪನಿ ಮಾಡಿದ ಜಿಪಿಡಬ್ಲ್ಯು ಜೀಪಿನದಾಗಿರಬಹುದು, ಬಿಡಬೇಡಿ. ಸೇನೆಯ ಮುದ್ರೆಯಿದ್ದ ಹೊಸ ಸಾಮಾನು ಕಂಡರೆ ಹರಾಜಿನ ಕಾಗದ, ಬಿಲ್ಲು ಕೇಳಿ. ಇಲ್ಲವೆಂದರೆ ಎದ್ದು ಬನ್ನಿ, ಎಷ್ಟೇ ಅಗ್ಗವಿರಲಿ.

9. ಬುಷ್, ಪಿನ್ನು, ಸ್ಪೇಸರ್ ಲೇತಿನಲ್ಲೇ ಮಾಡಿಸಿ. ನಮೂನೆ ಸವೆದಿರುತ್ತದೆ, ಆದ್ದರಿಂದ ಅದು ಕೂರುವ ತೂತಿನ ಅಳತೆಯನ್ನೂ ಒಯ್ಯಿರಿ.

10. ಬಣ್ಣದ ಅಂಗಡಿಗೆ ಕೊನೆಗೆ ಹೋಗಿ, ಕಾನೂನು ತಿಳಿದು ಹೋಗಿ. ಕೇಂದ್ರ ಮೋಟಾರು ವಾಹನ ನಿಯಮ 121ರಂತೆ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ನೋಂದಣಿಗೂ ನಿಯಮವಿದೆ: 2021ರ ತಿದ್ದುಪಡಿಯಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ವಿಎ ಅಕ್ಷರ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮೂಲ ಭಾಗಗಳನ್ನು ಕಂಡಕಂಡಂತೆ ಬದಲಿಸಿದವರಿಗೆ ಅದು ಕಷ್ಟ.

ಈ ಅಂಗಡಿಗಳಲ್ಲಿ ಸಂಖ್ಯೆಗಳನ್ನು ಬಾಯಲ್ಲೇ ಹೇಳುವ ಹಿರಿಯರು ಇನ್ನೂ ಗಲ್ಲೆಯ ಮೇಲೆ ಕೂತಿದ್ದಾರೆ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಬಿಚ್ಚಿದ ಹಳೆಯ ಸೀಲನ್ನೂ ಬಿಸಾಡದೆ ಚೀಲದಲ್ಲಿಟ್ಟುಕೊಂಡು ಬನ್ನಿ.