ಒಂದು ಮರದ ಕಥೆ, ಇಂಗ್ಲಿಷಿನಲ್ಲಿ

ನಮ್ಮ ತೆಂಗಿನ ಸೀಮೆಯ ಯಾವ ಹೈಸ್ಕೂಲಿನಲ್ಲಾದರೂ ಮಕ್ಕಳಿಗೆ ‘ಇಂಗ್ಲಿಷಿನಲ್ಲಿ ನಿಮಗೆ ತೋಚಿದ್ದು ಬರೀರಿ’ ಎಂದು ಹೇಳಿ ನೋಡಿ. ಅರ್ಧ ತರಗತಿ ಬರೆಯುವುದು ತೆಂಗಿನ ಮರದ ಪ್ರಬಂಧವನ್ನೇ. ‘ದ ಕೊಕೊನಟ್ ಟ್ರೀ ಈಸ್ ವೆರಿ ಯೂಸ್‌ಫುಲ್’ ಎಂದು ಶುರುವಾಗಿ ಎಳನೀರು, ಎಣ್ಣೆ, ನಾರು, ಸೋಗೆ, ಪೊರಕೆ ಎಲ್ಲವೂ ಸಾಲಾಗಿ ಬರುತ್ತವೆ. ವ್ಯಾಕರಣಕ್ಕೆ ಹೆಚ್ಚು ಮೋಸವಿರುವುದಿಲ್ಲ. ಆದರೆ ಆ ಪುಟದಲ್ಲಿ ಒಂದೇ ಒಂದು ಮರವೂ ಇರುವುದಿಲ್ಲ. ಹಿತ್ತಲಲ್ಲಿ ಅಜ್ಜ ನೆಟ್ಟ ಮರ, ರಸ ಸೋರಿ ಸುಳಿ ಒಣಗಿದ ಮರ, ಹೋದ ಮಳೆಗಾಲದಲ್ಲಿ ಕೊಟ್ಟಿಗೆ ಮೇಲೆ ಬಿದ್ದ ಮರ ಯಾವುದೂ ಅಲ್ಲಿಗೆ ಬಂದಿರುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾ ನಾನು ನಿಧಾನವಾಗಿ ಕಂಡುಕೊಂಡ ಸಂಗತಿ ಇದು. ಮಕ್ಕಳು ಕಥನ ಬರೆಯಲಾಗದೆ ಒದ್ದಾಡುವುದಕ್ಕೆ ಪದಗಳ ಕೊರತೆ ಎರಡನೆಯ ಕಾರಣ. ‘ಯಾವಾಗಲೂ ಹೀಗೆ’ ಎಂದು ಹೇಳುವುದಕ್ಕೂ ‘ಆವತ್ತು ಹೀಗಾಯ್ತು’ ಎಂದು ಹೇಳುವುದಕ್ಕೂ ಇರುವ ದೂರವನ್ನು ನಾವು ಅವರಿಗೆ ತೋರಿಸಿಯೇ ಇರುವುದಿಲ್ಲ, ಮೊದಲನೆಯ ಕಾರಣ ಅದು.

ಉಂಡೆ ಕೊಬ್ಬರಿಯನ್ನೇ ತೆಗೆದುಕೊಳ್ಳಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಟಗಟ ಸದ್ದಾಗುತ್ತದೆ. ಆಮೇಲೆ ಸುಲಿದು, ಒಡೆದು, ಮಾರುಕಟ್ಟೆಗೆ ಒಯ್ಯುತ್ತೇವೆ. ಇಷ್ಟನ್ನೂ ಮಗು ಇಂಗ್ಲಿಷಿನ ವರ್ತಮಾನ ಕಾಲದಲ್ಲಿ ಅಚ್ಚುಕಟ್ಟಾಗಿ ಬರೆಯಬಲ್ಲದು. ಬರೆದರೂ ಅದು ಕೆಲಸದ ವಿವರಣೆ, ಕಥೆಯಲ್ಲ. ಒಂದು ಸಲ ನನ್ನ ತರಗತಿಯ ಹುಡುಗಿಯೊಬ್ಬಳು ಇದನ್ನೇ ಬರೆದು ತಂದಳು. ‘ನಿಮ್ಮನೇಲಿ ಯಾವತ್ತಾದ್ರೂ ಇದರಲ್ಲಿ ಏನಾದ್ರೂ ಎಡವಟ್ಟಾಗಿತ್ತಾ?’ ಎಂದು ಕನ್ನಡದಲ್ಲೇ ಕೇಳಿದೆ. ಅವಳು ಪುಸ್ತಕ ಮುಚ್ಚಿ ಹೇಳತೊಡಗಿದಳು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಪೇಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತಲ್ಲ, ಆ ವರ್ಷದ ಮಾತು. ಬೆಲೆ ಏರಲಿ ಎಂದು ಅವಳಪ್ಪ ಅಟ್ಟದ ಕಾಯಿ ಇಳಿಸದೆ ಕಾದರು. ಹೆಂಚು ಸರಿದ ಮೂಲೆಯಿಂದ ಮಳೆನೀರು ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಒಡೆಸಿದಾಗ ಆ ಮೂಲೆಯದೆಲ್ಲ ಕೌಟು. ಅವ್ವ ಒಂದೂ ಮಾತಾಡಲಿಲ್ಲವಂತೆ. ತರಗತಿ ಪಿಟ್ಟೆನ್ನದೆ ಕೇಳುತ್ತಿತ್ತು.

ಅದೇ ಅವಳ ಕಥನ. ಇಂಗ್ಲಿಷ್ ಆಮೇಲಿನ ಕೆಲಸ.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬಾವ್ 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಜನರನ್ನು ಮಾತಾಡಿಸುವಾಗ ಕೇಳುತ್ತಿದ್ದ ಪ್ರಶ್ನೆಗಳಲ್ಲೊಂದು, ‘ಇನ್ನು ನಾನು ಸತ್ತೇ ಎನ್ನಿಸಿದ ಗಳಿಗೆ ನಿಮಗೆ ಎಂದಾದರೂ ಬಂದಿತ್ತೇ?’ ಎಂಬರ್ಥದ್ದು. ಉತ್ತರ ಹೇಳುವಾಗ ಜನ ತಮ್ಮ ಭಾಷೆಯ ಮೇಲಿನ ಕಾವಲು ಮರೆತು ಹೇಳಿಬಿಡುತ್ತಿದ್ದರು. ಜೋಶುವಾ ವಾಲೆಟ್ಸ್ಕಿ ಜೊತೆ 1967ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಇಂಥ ಕಥನಗಳ ಅಂಗಗಳನ್ನು ಬಿಡಿಸಿಟ್ಟರು. ಎಲ್ಲಿ, ಯಾವಾಗ, ಯಾರು ಎಂಬ ಹಿನ್ನೆಲೆ, ತೊಡಕು, ಅದು ಬಿಡಿಸಿಕೊಂಡ ಬಗೆ, ಇವೆಲ್ಲದರ ನಡುವೆ, ಇದನ್ನು ನಾನು ಏಕೆ ಹೇಳುತ್ತಿದ್ದೇನೆ ಎಂದು ಕೇಳುವವರಿಗೆ ಮುಟ್ಟಿಸುವ ಭಾಗ. ನಮ್ಮ ಪಠ್ಯಗಳಲ್ಲಿ ಆದಿ, ಮಧ್ಯ, ಅಂತ್ಯ ಸಿಗುತ್ತವೆ, ಈ ಕೊನೆಯದು ಸಿಗುವುದು ಕಡಿಮೆ. ಅವ್ವ ಮಾತಾಡಲಿಲ್ಲ ಎಂದಳಲ್ಲ ಆ ಹುಡುಗಿ, ಅವಳ ಕಥೆಯಲ್ಲಿ ಆ ಕೆಲಸ ಮಾಡುವುದು ಆ ಸಾಲು. ಅದನ್ನು ಕಿತ್ತರೆ ಉಳಿಯುವುದು ನಷ್ಟದ ಲೆಕ್ಕ ಮಾತ್ರ. ಲಬಾವ್ ಕೇಳಿದ ಪ್ರಶ್ನೆಯನ್ನು ನಮ್ಮ ಕಡೆ ಕೇಳಿದರೆ ಮರ ಹತ್ತಿದವರು, ಚಿರತೆ ಕಂಡವರು, ಕೆರೆಯಲ್ಲಿ ಮುಳುಗಿ ಎದ್ದವರು ಪ್ರತಿ ಬೆಂಚಿನಲ್ಲೂ ಸಿಗುತ್ತಾರೆ.

ಇನ್ನು ಭಾಷೆಯ ಮಾತು. ಇಲ್ಲಿ ಕನ್ನಡವೇ ಮಕ್ಕಳ ಕೈ ಹಿಡಿಯುತ್ತದೆ ಎಂದು ನಾನು ನಂಬಿದ್ದೇನೆ. ‘ನಾವು ಹೋಗೋಷ್ಟರಲ್ಲಿ ಮರ ಬಿದ್ದಿತ್ತು’ ಎನ್ನುವ ಮಗುವಿಗೆ, ಭೂತಕಾಲದ ಹಿಂದಿನ ಭೂತಕಾಲ ಆಗಲೇ ಗೊತ್ತು. ಬಿತ್ತು, ಬಿದ್ದಿತ್ತು ಎಂದು ಎರಡು ಸಲ ಗಟ್ಟಿಯಾಗಿ ಹೇಳಿಸಿದರೆ ‘ಫೆಲ್’ ಮತ್ತು ‘ಹ್ಯಾಡ್ ಫಾಲನ್’ ಕೋಷ್ಟಕವಿಲ್ಲದೆ ಅರ್ಥವಾಗುತ್ತವೆ. ಕಥೆ ಶುರು ಮಾಡುವಾಗ ಅಜ್ಜಿ ‘ಒಂದೂರಲ್ಲಿ ಒಬ್ಬ ರಾಜ’ ಎನ್ನುತ್ತಾಳೆ, ಮುಂದಿನ ವಾಕ್ಯಕ್ಕೆ ಅವನು ‘ಆ ರಾಜ’ ಆಗುತ್ತಾನೆ. ‘ಎ’ ಮತ್ತು ‘ದ’ ಕಥೆಯಲ್ಲಿ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಹೊಸಬರನ್ನು ಒಮ್ಮೆ ಪರಿಚಯಿಸುವುದು, ಪರಿಚಯವಾದವರನ್ನು ಗುರುತಿಸಿ ಕರೆಯುವುದು.

ಕೈ ಬಿಡುವ ಜಾಗವೂ ಉಂಟು. ನಮ್ಮ ವಾಕ್ಯ ‘ಅಪ್ಪ ಅಟ್ಟ ಹತ್ತಿ, ಕಾಯಿ ಅಲ್ಲಾಡಿಸಿ, ಕೆಳಗಿಳಿದು, ಅವ್ವನ ಮುಖ ನೋಡಿದ’ ಎಂದು ಒಂದೇ ಉಸಿರಿನಲ್ಲಿ ಹರಿಯುತ್ತದೆ. ಪೂರ್ಣ ಕ್ರಿಯಾಪದ ಕಟ್ಟಕಡೆಗೆ ಒಂದೇ. ಮಗು ಅದನ್ನು ಹಾಗೇ ಎತ್ತಿಟ್ಟರೆ ‘ಮೈ ಫಾದರ್ ಕ್ಲೈಂಬಿಂಗ್, ಶೇಕಿಂಗ್, ಕಮಿಂಗ್ ಡೌನ್’ ಆಗುತ್ತದೆ. ಅದಕ್ಕೆ ಕೆಂಪು ಗೆರೆ ಹಾಕುವುದಕ್ಕಿಂತ ವಾಕ್ಯವನ್ನು ತುಂಡು ಮಾಡಿಸುವುದು ಮೇಲು. ಹೀ ಕ್ಲೈಂಬ್ಡ್. ಹೀ ಶುಕ್ ಎ ನಟ್. ಹೀ ಕೇಮ್ ಡೌನ್. ಹೀ ಲುಕ್ಡ್ ಅಟ್ ಮೈ ಮದರ್. ತುಂಡು ಮಾಡಿದಾಗ ಪ್ರತಿ ಕ್ರಿಯೆಗೂ ತೂಕ ಬರುತ್ತದೆ, ಯಾವುದು ಬೇಡವೋ ಅದನ್ನು ಮಕ್ಕಳೇ ಬಿಡುತ್ತಾರೆ. ಹಾಗೆಯೇ ಮಾತು. ‘ನಾನು ಬರ್ತೀನಿ ಅಂತ ಹೇಳಿದ’ ಎಂಬಲ್ಲಿ ಆಡಿದವನ ಮಾತು ನಮ್ಮಲ್ಲಿ ಇದ್ದಂತೆಯೇ ಉಳಿಯುತ್ತದೆ. ಇಂಗ್ಲಿಷಿನ ಪರೋಕ್ಷ ಮಾತಿನಲ್ಲಿ ಕಾಲ, ಪುರುಷ ಎಲ್ಲ ಬದಲಾಗಿ ಮಕ್ಕಳು ಗೋಜಲಿಗೆ ಬೀಳುತ್ತಾರೆ. ಉದ್ಧರಣ ಚಿಹ್ನೆ ಹಾಕಿ ಆಡಿದ ಮಾತನ್ನೇ ಬರೆಯಲು ಬಿಟ್ಟರೆ ತಪ್ಪು ಇಳಿಯುತ್ತದೆ, ಕಥೆಯೂ ಜೀವ ಪಡೆಯುತ್ತದೆ. ಪರೋಕ್ಷ ಮಾತಿಗೆ ಆತುರವಿಲ್ಲ.

ಎರಡು ಭಾಷೆಗಳ ನಡುವಿನ ಈ ಓಡಾಟ ನಮಗೆ ಹೊಸದಲ್ಲ. ಇದೇ ಸೀಮೆಯ ಕೂಸು ಬಿ.ಎಂ.ಶ್ರೀ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದವರು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು, ‘ಇಂಗ್ಲಿಷ್ ಗೀತಗಳು’ ಮೂಲಕ ಆ ಭಾಷೆಯ ಕಾವ್ಯವನ್ನು ಕನ್ನಡದ ನಡೆಗೆ ತಂದವರು. ಎದುರು ದಿಕ್ಕಿನ ಪಯಣಕ್ಕೆ ಪಕ್ಕದ ಹಾಸನದಲ್ಲಿ ಹುಟ್ಟಿದ ರಾಜಾರಾವ್ ಇದ್ದಾರೆ. 1938ರಲ್ಲಿ ಬಂದ ಅವರ ‘ಕಾಂತಾಪುರ’ ಕಾದಂಬರಿಯನ್ನು ಹೇಳುವವಳು ಹಳ್ಳಿಯ ವೃದ್ಧೆ. ಅವಳ ವಾಕ್ಯಗಳು ಇಂಗ್ಲಿಷಿನಲ್ಲೂ ನಮ್ಮ ಜಗಲಿಯ ಮಾತಿನ ಹಾಗೆ ನಿಲ್ಲದೆ ಹರಿಯುತ್ತವೆ. ಹಾಗಿದ್ದರೆ ವಾಕ್ಯ ತುಂಡು ಮಾಡು ಎನ್ನುವುದೇಕೆ ಎಂದು ನೀವು ಕೇಳಬಹುದು. ತುಂಡು ಮಾಡಲು ಬಂದವರಿಗೆ ಜೋಡಿಸುವುದೂ ಒಂದು ದಿನ ಬರುತ್ತದೆ. ಹತ್ತನೆಯ ತರಗತಿಗೆ ಆ ಮೊದಲ ಹೆಜ್ಜೆ ಸಾಕು.

ಪರೀಕ್ಷೆಯನ್ನೂ ಮರೆಯುವಂತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಸುಳಿವುಗಳನ್ನು ಕೊಟ್ಟು ಕಥೆ ಬೆಳೆಸಿ ಎನ್ನುತ್ತಾರೆ. ಮರ ಕಡಿಯುವವನು, ನದಿ, ಕೊಡಲಿ, ದೇವತೆ ಎಂಬಂಥ ಸುಳಿವುಗಳು. ತಮ್ಮದೇ ಘಟನೆ ಬರೆದು ರೂಢಿಯಾದ ಮಕ್ಕಳು ಇದನ್ನು ಸಲೀಸಾಗಿ ಬರೆಯುವುದನ್ನು ಕಂಡಿದ್ದೇನೆ, ಸುಳಿವುಗಳ ನಡುವಿನ ಖಾಲಿ ಜಾಗಕ್ಕೆ ಏನು ಬೇಕೆಂದು ಅವರಿಗೆ ತಿಳಿದಿರುತ್ತದೆ. ಬಾಯಿಪಾಠದವರು ಸುಳಿವು ಬದಲಾದರೆ ಕೈ ಚೆಲ್ಲುತ್ತಾರೆ.

ಅಟ್ಟದ ಕಥೆ ಬರೆದ ಹುಡುಗಿ ಕೊನೆಗೆ ಒಂದು ಪ್ರಶ್ನೆ ಕೇಳಿದಳು. ‘ಇದಕ್ಕೆ ನೀತಿ ಏನ್ ಬರೀಲಿ ಮಿಸ್? ಕಾಯಬಾರದು ಅಂತಾನಾ?’ ಅವಳಪ್ಪ ಕಾದದ್ದು ತಪ್ಪೆಂದು ಅವಳಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಿಲ್ಲ. ಪರೀಕ್ಷೆಯ ಕಥೆಗೆ ಬೇಕೆಂದರೆ ನೀತಿ ಬರಿ, ನಿಮ್ಮಪ್ಪನ ಕಥೆಗೆ ಬೇಡ ಎಂದೆ. ಅವ್ವನ ಸಾಲಿಗೇ ಅವಳು ಕಥೆ ನಿಲ್ಲಿಸಿದಳು.